ಮಸ್ಟಾಂಗ್‌ಗೆ ಸೂಪರ್‌ಚಾರ್ಜರ್: ಕಾರವಾರದಲ್ಲಿ ಕೂರಿಸುವವರು ಗಮನಿಸಬೇಕಾದ್ದು

ನಿಮ್ಮ ಪ್ರಶ್ನೆ ಇಷ್ಟು: 2017ರ ಮಸ್ಟಾಂಗ್ ಜಿಟಿ, 5.0 ವಿ8, ಆಟೋಮ್ಯಾಟಿಕ್. ಅಮೆರಿಕದಿಂದ ತರಿಸಿದ ರೂಟ್ಸ್ ಮಾದರಿಯ (ಎರಡು ರೋಟರ್ ತಿರುಗಿ ಗಾಳಿ ತಳ್ಳುವ) ಸೂಪರ್‌ಚಾರ್ಜರ್ ಕಿಟ್, ಅಂದರೆ ಇಂಜಿನ್‌ಗೆ ಹೆಚ್ಚು ಗಾಳಿ ಒತ್ತಿ ತುಂಬುವ ಯಂತ್ರ. ಒತ್ತಡ (ಬೂಸ್ಟ್) 8 ಪಿಎಸ್‌ಐ. ಕಾರವಾರದ ಮನೆ ಶೆಡ್‌ನಲ್ಲೇ ಕೂರಿಸಿ, ಆಮೇಲೆ ಗಾಡಿ ಓಡಿಸಿಕೊಂಡು ಬೆಂಗಳೂರಿಗೆ ಹೋಗಿ ಟ್ಯೂನ್ (ಇಂಜಿನ್ ಕಂಪ್ಯೂಟರ್‌ನ ಹೊಂದಾಣಿಕೆ) ಮಾಡಿಸಬಹುದೇ?

ಕೂರಿಸಬಹುದು. ಕೈ ಪಳಗಿದ ಇಬ್ಬರಿದ್ದರೆ ಮೂರು ದಿನದ ಕೆಲಸ. ಓಡಿಸಿಕೊಂಡು ಹೋಗುವುದು ಮಾತ್ರ ಬೇಡ. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಬದಲಾಗಿದೆ, ಗಾಳಿ ಅಳೆಯುವ ಮಾಫ್ ಸೆನ್ಸರ್‌ನ ಲೆಕ್ಕವೂ ಬದಲಾಗಿದೆ. ಅಂಥ ಗಾಡಿಯನ್ನು ಅರಬೈಲ್ ಘಟ್ಟ ಹತ್ತಿಸುವುದು ಇಂಜಿನ್‌ಗೆ ಅಪಾಯ. ಫ್ಲಾಟ್‌ಬೆಡ್ ಮೇಲೆ ಕಳಿಸಿ.

ಮೊದಲು ಪೆಟ್ರೋಲ್ ವಿಷಯ, ಇಂಜಿನ್ ಹೋಗುವುದು ಹೆಚ್ಚಾಗಿ ಇಲ್ಲೇ. ಕಿಟ್‌ನ ಟ್ಯೂನ್ ಫೈಲ್‌ನಲ್ಲಿ 91 ಆಕ್ಟೇನ್ ಎಂದಿದ್ದರೆ ನಮ್ಮ ಲೆಕ್ಕದ 91 ಸಾಕು ಅಂದುಕೊಳ್ಳಬೇಡಿ ಮಾರಾಯ್ರೆ. ಅಮೆರಿಕದ ಬಂಕಿನ ಅಂಕೆ ಆರ್‌ಒಎನ್, ಎಂಒಎನ್ ಎಂಬ ಎರಡು ಪರೀಕ್ಷೆಗಳ ಆಕ್ಟೇನ್ ಅಂಕೆಯ ಸರಾಸರಿ. ನಮ್ಮದು ಬರೀ ಆರ್‌ಒಎನ್. ಅವರ 91 ನಮ್ಮ ಲೆಕ್ಕದಲ್ಲಿ 95-96. ನಮ್ಮ ಲೆಕ್ಕದ 91 ಅಲ್ಲಿಯ 87ರ ಹತ್ತಿರ. ಈ ಇಂಜಿನ್‌ನ ಕಂಪ್ರೆಶನ್ 11:1. ಅದಕ್ಕೆ 8 ಪಿಎಸ್‌ಐ ಗಾಳಿ ತುಂಬಿ ಅಷ್ಟು ಕಡಿಮೆ ಆಕ್ಟೇನಿನ ಪೆಟ್ರೋಲ್ ಹಾಕಿದರೆ ನಾಕಿಂಗ್ (ಸಿಲಿಂಡರ್‌ನಲ್ಲಿ ಪೆಟ್ರೋಲ್ ತಾನಾಗಿಯೇ ಸಿಡಿಯುವುದು) ಶುರುವಾಗಿ ಪಿಸ್ಟನ್‌ನಲ್ಲಿ ರಿಂಗ್ ಕೂರುವ ಅಂಚು (ರಿಂಗ್ ಲ್ಯಾಂಡ್) ಒಡೆಯುತ್ತದೆ. ಎಥೆನಾಲ್ ಬೇರೆ ಇದೆ. ಅಲ್ಲಿಯ ಫೈಲು ಸಾಮಾನ್ಯವಾಗಿ ಶೇ. 10ರ ಮಿಶ್ರಣಕ್ಕೆ ಬರೆದದ್ದು, ನಮ್ಮಲ್ಲಿ ಈಗ ಶೇ. 20. ಅದೇ ಗಾಳಿಗೆ ಶೇ. 4-5ರಷ್ಟು ಹೆಚ್ಚು ಪೆಟ್ರೋಲ್ ಬೇಕು, ಆ ಹೊರೆ ಇಂಜೆಕ್ಟರ್ ಮತ್ತು ಪಂಪ್ ಮೇಲೆ ಬೀಳುತ್ತದೆ. ಇಂಜೆಕ್ಟರ್ ಡ್ಯೂಟಿ (ಅದು ತೆರೆದಿರುವ ಸಮಯದ ಪಾಲು) 85% ದಾಟದಂತೆ ನೋಡಿಕೊಳ್ಳಿ. ನಿಮ್ಮೂರಲ್ಲಿ ವರ್ಷವಿಡೀ ಯಾವುದು ಸಿಗುತ್ತದೋ ಅದನ್ನೇ ಹಾಕಿ ಟ್ಯೂನ್ ಮಾಡಿಸಿ. ಬೆಂಗಳೂರಿನಲ್ಲಿ 100 ಆಕ್ಟೇನ್ ಹಾಕಿ ಮಾಡಿಸಿದ ಟ್ಯೂನ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಬೆಂಗಳೂರಿನ ಡೈನೋದ್ದು (ಗಾಡಿಯನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಇನ್ನೊಂದು ತೊಡಕಿದೆ. ಆ ಊರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ, ಅಲ್ಲಿ ಗಾಳಿ ತೆಳು. ರೂಟ್ಸ್ ಯೂನಿಟ್ ಒಳಗೆ ಬಂದ ಗಾಳಿಯನ್ನು ಹೆಚ್ಚುಕಡಿಮೆ ಒಂದೇ ಅನುಪಾತದಲ್ಲಿ ಒತ್ತುವುದರಿಂದ, ಅಲ್ಲಿ 7 ತೋರಿಸಿದ ಗೇಜು ಘಟ್ಟ ಇಳಿದು ಕಾರವಾರಕ್ಕೆ ಬಂದಾಗ 8 ತೋರಿಸುತ್ತದೆ. ಸಿಲಿಂಡರ್‌ಗೆ ಶೇ. 10ರಷ್ಟು ಹೆಚ್ಚು ಗಾಳಿ ಹೋಗುತ್ತದೆ, ಡೈನೋ ಮೇಲೆ ಮುಟ್ಟದೇ ಇದ್ದ ಲೋಡ್‌ಗೆ ಇಂಜಿನ್ ಹೋಗುತ್ತದೆ. ಟೈಮಿಂಗ್‌ನಲ್ಲಿ (ಕಿಡಿ ಹಾರುವ ಹೊತ್ತಿನಲ್ಲಿ) ಅಷ್ಟು ಅಂತರ ಬಿಡಲು ಟ್ಯೂನರ್‌ಗೆ ಮೊದಲೇ ಹೇಳಿ, ಊರಿಗೆ ಬಂದ ಮೇಲೆ ಮತ್ತೆ ಲಾಗ್ (ಓಡುವಾಗಿನ ಅಂಕೆಗಳ ದಾಖಲೆ) ಕಳಿಸುವ ಒಪ್ಪಂದ ಮಾಡಿಕೊಳ್ಳಿ.

ಈಗ ಶೆಡ್ ಕೆಲಸ. ಪೆಟ್ಟಿಗೆ ಒಡೆಯುವ ಮೊದಲು ಲೀಕ್‌ಡೌನ್ ಪರೀಕ್ಷೆ (ಸಿಲಿಂಡರ್‌ಗೆ ಗಾಳಿ ತುಂಬಿ ಸೋರಿಕೆ ಅಳೆಯುವುದು) ಮಾಡಿ. ಒಂದು ಸಿಲಿಂಡರ್ ಉಳಿದವಕ್ಕಿಂತ ಹೆಚ್ಚು ಸೋರುತ್ತಿದ್ದರೆ ಕಿಟ್ ಮಾತು ಅಲ್ಲಿಗೇ ನಿಲ್ಲಲಿ. ಪಂಪ್ ಫ್ಯೂಸ್ ತೆಗೆದು ಕ್ರ್ಯಾಂಕ್ ಮಾಡಿ ಪೆಟ್ರೋಲ್ ಪ್ರೆಶರ್ ಇಳಿಸಿ, ಆಮೇಲೆ ಬ್ಯಾಟರಿ ನೆಗೆಟಿವ್ ಬಿಚ್ಚಿ. ಇಂಜಿನ್ ಮೇಲೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಎತ್ತುವ ಮುಂಚೆ ಸುತ್ತಲಿನ ಮರಳು, ಧೂಳನ್ನು ಗಾಳಿಯಲ್ಲಿ ಊದಿ. ಎತ್ತಿದ ಕೂಡಲೇ ಎಂಟೂ ಪೋರ್ಟ್‌ಗಳ ಬಾಯಿಗೆ ಅಗಲದ ಟೇಪ್ ಹಾಕಿ. ಬಟ್ಟೆ ತುರುಕಬೇಡಿ, ಒಂದು ಒಳಗೇ ಉಳಿದರೂ ಕಷ್ಟ. ಟೇಪ್ ತೆಗೆಯುವಾಗ ಟಾರ್ಚ್ ಹಿಡಿದು ಒಂದೊಂದೇ ಪೋರ್ಟ್ ನೋಡಿ. ಇಂಜೆಕ್ಟರ್ ಓ-ರಿಂಗ್‌ಗೆ ಒಂದು ಹನಿ ಇಂಜಿನ್ ಆಯಿಲ್ ಸವರಿಯೇ ಕೂರಿಸಿ. ಬೋಲ್ಟ್‌ಗಳನ್ನು ಮಧ್ಯದಿಂದ ಹೊರಕ್ಕೆ ಎರಡು ಸುತ್ತಿನಲ್ಲಿ, ಟಾರ್ಕ್ ರೆಂಚ್‌ನಲ್ಲೇ ಬಿಗಿಯಿರಿ. ಹೆಡ್ ಅಲ್ಯೂಮಿನಿಯಮ್, ಕೈಲೆಕ್ಕದಲ್ಲಿ ಎಳೆದರೆ ಥ್ರೆಡ್ ಕಿತ್ತುಬರುತ್ತದೆ.

ಸ್ಪಾರ್ಕ್ ಪ್ಲಗ್ ಒಂದು ಹಂತ ಕೋಲ್ಡ್ (ಶಾಖ ಬೇಗ ಬಿಟ್ಟುಕೊಡುವ ಬಗೆ) ಇರಲಿ, ಗ್ಯಾಪ್ 0.7ರಿಂದ 0.8 ಮಿ.ಮೀ. ಮೂಲ ಗ್ಯಾಪ್ ಬಿಟ್ಟರೆ ಬೂಸ್ಟ್‌ನಲ್ಲಿ ಕಿಡಿ ಆರಿ ಮಿಸ್‌ಫೈರ್ ಬರುತ್ತದೆ. ಈ ಇಂಜಿನ್‌ನ ಆಯಿಲ್ ಪಂಪ್ ಗೇರ್ ಒತ್ತಿದ ಪುಡಿಲೋಹದ್ದು, ಬೂಸ್ಟ್ ಹಾಕಿ ರೆವ್ ಲಿಮಿಟರ್‌ಗೆ ತಾಗಿಸುವವರಿಗೆ ಒಡೆದದ್ದುಂಟು. ಮುಂಭಾಗದ ಟೈಮಿಂಗ್ ಕವರ್ ಬಿಚ್ಚುವ ಯೋಗವಿದ್ದರೆ ಬಿಲೆಟ್ (ಗಟ್ಟಿ ಉಕ್ಕಿನಲ್ಲಿ ಕಡೆದ) ಗೇರ್ ಹಾಕಿಯೇ ಮುಚ್ಚಿ ಎಂಬುದು ನನ್ನ ಒತ್ತಾಯ. ಬೆಲ್ಟ್ ಹಾಕಿದ ಮೇಲೆ ಪುಲ್ಲಿಗಳಿಗೆ ನೇರ ಪಟ್ಟಿ ಹಿಡಿದು ನೋಡಿ. ಒಂದೆರಡು ಮಿ.ಮೀ. ಓರೆಯಿದ್ದರೂ ಅಂಚು ಹರಿದು ಕಪ್ಪು ಪುಡಿ ಉದುರುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಬೂಸ್ಟ್ ಬಿದ್ದುಹೋದರೆ ಬೆಲ್ಟ್ ಜಾರುತ್ತಿದೆ ಎಂದರ್ಥ. ಬೂಸ್ಟ್ ಬೇಡದಾಗ ಗಾಳಿಯನ್ನು ಹಿಂದಕ್ಕೆ ಬಿಡುವ ಬೈಪಾಸ್ ವಾಲ್ವ್‌ನ ಸಣ್ಣ ವ್ಯಾಕ್ಯೂಮ್ ಪೈಪ್ ಮರೆಯಬೇಡಿ. ಅದು ಬಿಟ್ಟರೆ ವಾಲ್ವ್ ತೆರೆಯದೆ, ಐಡಲ್‌ನಲ್ಲೂ ಯೂನಿಟ್ ಸುಮ್ಮನೆ ಗಾಳಿ ಕಾಯಿಸುತ್ತಿರುತ್ತದೆ.

ಇಂಟರ್‌ಕೂಲರ್‌ಗೆ ಅರ್ಧ ದಿನವನ್ನಾದರೂ ಕೊಡಿ. 33 ಡಿಗ್ರಿ ಗಾಳಿಯನ್ನು 8 ಪಿಎಸ್‌ಐಗೆ ಒತ್ತಿದರೆ ಅದು ಸುಮಾರು 95 ಡಿಗ್ರಿಗೆ ಏರುತ್ತದೆ, ಅದನ್ನು ಇಳಿಸುವುದು ಈ ಪ್ರತ್ಯೇಕ ನೀರಿನ ಸುತ್ತು. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲದ್ದರಿಂದ ಶೇ. 70 ಡಿಸ್ಟಿಲ್ಡ್ ವಾಟರ್, ಶೇ. 30 ಕೂಲಂಟ್ ಸಾಕು. ನೀರು ಹೆಚ್ಚಿದ್ದಷ್ಟೂ ಶಾಖ ಚೆನ್ನಾಗಿ ಒಯ್ಯುತ್ತದೆ. ಬಾವಿ ನೀರು ಖಂಡಿತ ಬೇಡ. ಗಾಡಿಯ ಮೂತಿ ಎತ್ತಿ ತುಂಬಿಸಿ, ಪಂಪ್ ಓಡಿಸಿ, ರಿಸರ್ವಾಯರ್‌ನಲ್ಲಿ ಗುಳ್ಳೆ ನಿಂತು ನೀರು ಸುಳಿಯುವುದು ಕಾಣುವವರೆಗೆ ಕಾಯಿರಿ. ಮುಂದಿನ ಹೀಟ್ ಎಕ್ಸ್‌ಚೇಂಜರ್ ಮೇಲೆ ಉಪ್ಪುಗಾಳಿ ಕೂತು ಫಿನ್ ತಿನ್ನುತ್ತದೆ. ಕಡಲತೀರದಲ್ಲಿ ನಿಲ್ಲಿಸಿದ ಮೇಲೆಲ್ಲ ಸಿಹಿನೀರಿನ ಪೈಪ್ ಹಿಡಿಯಿರಿ, ಪ್ರೆಶರ್ ವಾಷರ್ ಹಿಡಿದರೆ ಫಿನ್ ಮಡಚಿಕೊಳ್ಳುತ್ತವೆ.

ಇಂಜಿನ್ ಕಂಪ್ಯೂಟರ್‌ಗೆ ಬೇಸ್ ಫೈಲ್ (ಆರಂಭದ ಟ್ಯೂನ್) ಹಾಕದೆ ಸ್ಟಾರ್ಟ್ ಮಾಡಬೇಡಿ. ಮೊದಲು ಕೀ ಮೂರು ಸಲ ಆನ್-ಆಫ್ ಮಾಡಿ ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಕೊಡುವ ರೈಲ್ ಕೊಳವೆಯಲ್ಲಿ ಸೋರಿಕೆ ನೋಡಿ, ಆಮೇಲೆ ಸ್ಟಾರ್ಟ್.

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ತಯಾರಕರ ಮೂಲ ವಿವರಕ್ಕಿಂತ ಆರ್‌ಸಿ ವಿವರ ಬೇರೆಯಾಗುವ ಬದಲಾವಣೆಗೆ ಅವಕಾಶವಿಲ್ಲ. ಆರ್‌ಟಿಒ, ವಿಮೆ ಕಂಪನಿ ಇಬ್ಬರನ್ನೂ ಬರವಣಿಗೆಯಲ್ಲಿ ಕೇಳಿದ ಮೇಲೆಯೇ ಪಾನಾ ಹಿಡಿಯಿರಿ. ಬಿಚ್ಚಿದ ಮೂಲ ಭಾಗಗಳನ್ನು ಎಸೆಯಬೇಡಿ.

ಟ್ಯೂನ್ ಆಗಿ ಬಂದ ಮೇಲೆ ಪೂರ್ತಿ ಥ್ರಾಟಲ್‌ನ ಲಾಗ್ ಇಲ್ಲಿ ಹಾಕಿ: ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಪ್ರಮಾಣ, ಸರಿಸಮವಿದ್ದರೆ 1), ನಾಕ್ ರಿಟಾರ್ಡ್ (ನಾಕಿಂಗ್ ಕಂಡು ಕಂಪ್ಯೂಟರ್ ಕಿಡಿಯನ್ನು ತಡಮಾಡಿದ ಡಿಗ್ರಿ), ಒಳಬರುವ ಗಾಳಿಯ ಉಷ್ಣತೆ, ಪೆಟ್ರೋಲ್ ಪ್ರೆಶರ್, ಬೂಸ್ಟ್. ಎಥೆನಾಲ್ ಮಿಶ್ರಣದಿಂದ ಎಎಫ್‌ಆರ್ (ಗಾಳಿ-ಪೆಟ್ರೋಲ್ ತೂಕದ ಅನುಪಾತ) ಅಂಕೆ ದಾರಿ ತಪ್ಪಿಸುತ್ತದೆ, ಲ್ಯಾಂಬ್ಡಾದಲ್ಲೇ ಕೊಡಿ, 0.78ರಿಂದ 0.82 ಇರಬೇಕು. ರಿಟಾರ್ಡ್ 3 ಡಿಗ್ರಿ ದಾಟಿದರೆ ಅಥವಾ ಗಾಳಿ 70 ಡಿಗ್ರಿ ಮುಟ್ಟಿದರೆ ಆ್ಯಕ್ಸಿಲರೇಟರ್‌ನಿಂದ ಕಾಲು ತೆಗೆದು, ಇದ್ದಷ್ಟನ್ನೇ ಕಳಿಸಿ.