ಉಣ್ಣೆ ಕವರ್ ಸೋರಿದರೆ ಮೊದಲು ಒಳಗಿನ ಬಟ್ಟೆ ನೋಡಿ

ಬಟ್ಟೆ ಡೈಪರ್ ಮೇಲೆ ಹಾಕುವ ಉಣ್ಣೆ ಕವರ್ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣದಲ್ಲಿ ಉತ್ತರ.

ಪ್ರಶ್ನೆ: ಮಗುವಿಗೆ ಆರು ತಿಂಗಳು, ತೂಕ 7 ಕೆ.ಜಿ. ರಾತ್ರಿ ಉಣ್ಣೆ ಕವರ್ ಹಾಕಿದರೂ ಹಾಸಿಗೆ ಒದ್ದೆ. ವಾರಕ್ಕೊಮ್ಮೆ ಲ್ಯಾನೊಲಿನ್ (ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡು) ಹಾಕುತ್ತಿದ್ದೇನೆ. ಈಗ ಕವರ್ ಹಳದಿಗಟ್ಟಿ ಕೈಗೆ ಅಂಟುತ್ತಿದೆ, ಸೋರುವುದು ಮಾತ್ರ ನಿಂತಿಲ್ಲ.

ಉತ್ತರ: ಲ್ಯಾನೊಲಿನ್ ಸಾಲದೆ ಸೋರುತ್ತಿರುವುದಲ್ಲ. ಉಣ್ಣೆ ಕವರನ್ನು ಪ್ಲಾಸ್ಟಿಕ್ ಚಡ್ಡಿಯಂತೆ ಎಣಿಸಿದರೆ ಹೀಗಾಗುತ್ತದೆ. ಉಣ್ಣೆಯ ಎಳೆಯ ಮೈ ಜಿಡ್ಡಿನದು, ಹನಿ ನೀರು ಅದರ ಮೇಲೆ ಜಾರುತ್ತದೆ. ಎಳೆಯ ಒಳಭಾಗ ಮಾತ್ರ ತೇವವನ್ನು ಎಳೆದುಕೊಂಡು, ಮೆಲ್ಲಗೆ ಹೊರಗಿನ ಗಾಳಿಗೆ ಬಿಡುತ್ತದೆ. ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ತೇವ ಹಿಡಿದರೂ ಉಣ್ಣೆ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ಆದರೆ ಲೆಕ್ಕ ಹಾಕಿ: 60 ಗ್ರಾಂ ಕವರ್ ಹೀಗೆ ಹಿಡಿಯುವುದು 20 ಮಿ.ಲೀ. ಮಾತ್ರ. ಈ ವಯಸ್ಸಿನ ಮಗು ಗಂಟೆಗೆ, ಮೈತೂಕದ ಪ್ರತಿ ಕೆ.ಜಿ.ಗೆ 1ರಿಂದ 2 ಮಿ.ಲೀ. ಮೂತ್ರ ಮಾಡುತ್ತದೆ. ನಿಮ್ಮ ಮಗುವಿಗೆ ಹತ್ತು ಗಂಟೆಯ ರಾತ್ರಿಯಲ್ಲಿ 70ರಿಂದ 140 ಮಿ.ಲೀ. ಇಷ್ಟನ್ನೂ ಹೀರಬೇಕಾದದ್ದು ಒಳಗಿನ ಬಟ್ಟೆ.

ಅದು ಎಷ್ಟು ಹೀರುತ್ತದೆ ಎಂದು ಅಡುಗೆಮನೆಯ ತಕ್ಕಡಿಯಲ್ಲೇ ಅಳೆಯಬಹುದು. ಒಣ ಡೈಪರನ್ನು ಒಳಪದರದ ಸಮೇತ ತೂಗಿ. ನೀರಲ್ಲಿ ಅದ್ದಿ, ಹನಿ ನಿಲ್ಲುವವರೆಗೆ ತೂಗುಹಾಕಿ, ಮತ್ತೆ ತೂಗಿ. ಹೆಚ್ಚಾದ ಒಂದು ಗ್ರಾಂ ಎಂದರೆ ಒಂದು ಮಿ.ಲೀ. ಮಗು ಅದರ ಮೇಲೆ ಮಲಗಿ ಅದುಮಿದಾಗ ಇಷ್ಟೂ ನಿಲ್ಲುವುದಿಲ್ಲ, ಹಾಗಾಗಿ ಬೇಕಾದ್ದರ ಎರಡರಷ್ಟು ಹೀರುವಂತೆ ಪದರ ಹಾಕಿ. ನಿಮ್ಮ ಲೆಕ್ಕಕ್ಕೆ 280 ಮಿ.ಲೀ. ಆಸುಪಾಸು ಇದ್ದರೆ ನೆಮ್ಮದಿ.

ಒದ್ದೆಯ ಜಾಗವೂ ಕಾರಣ ಹೇಳುತ್ತದೆ. ಕೆಳಭಾಗವೆಲ್ಲ ಒಂದೇ ಸಮ ಒದ್ದೆಯಾಗಿದ್ದರೆ ಒಳಬಟ್ಟೆ ತುಂಬಿಹೋಗಿದೆ. ತೊಡೆಯ ಸುತ್ತ ಗೆರೆ ಎಳೆದಂತೆ ಒದ್ದೆಯಾದರೆ ಡೈಪರಿನ ಅಂಚು ಕವರ್‌ನಿಂದ ಹೊರಗೆ ಇಣುಕಿದೆ. ಬೆರಳಿನಿಂದ ಸುತ್ತಲೂ ಒಳಗೆ ಸೇರಿಸಿ. ಹೊಟ್ಟೆಯ ಕಡೆ ಒದ್ದೆಯಾದರೆ ಹತ್ತಿ ಬನಿಯನ್ ಕವರಿನೊಳಗೆ ಸೇರಿಕೊಂಡು ದೀಪದ ಬತ್ತಿಯಂತೆ ಮೇಲಕ್ಕೆ ಎಳೆದಿದೆ. ಗಂಡುಮಗುವಾದರೆ ಡೈಪರ್ ಕಟ್ಟುವಾಗ ಶಿಶ್ನ ಕೆಳಮುಖವಾಗಿರಲಿ. ಇನ್ನು, ಕವರ್ ಮೇಲೆ ಬಿಗಿ ಉಡುಪು ಹಾಕಿದರೆ ಅಥವಾ ಮಗುವನ್ನು ಕಾರಿನ ಸೀಟಿನಲ್ಲಿ, ಜೋಳಿಗೆಯಲ್ಲಿ ಗಂಟೆಗಟ್ಟಲೆ ಕೂರಿಸಿದರೆ ಎಷ್ಟು ಒಳ್ಳೆಯ ಉಣ್ಣೆಯಾದರೂ ಒತ್ತಡಕ್ಕೆ ತೇವ ಹೊರಕ್ಕೆ ಬಂದೇ ಬರುತ್ತದೆ.

ಅಂಟಿನ ವಿಷಯ: ಅದು ಹೆಚ್ಚಾದ ಲ್ಯಾನೊಲಿನ್. ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಣ್ಣೆ ತೊಳೆಯುವ ದ್ರವ ಬೆರೆಸಿ, ಕವರ್ ಮುಳುಗಿಸಿ, 20 ನಿಮಿಷ ಬಿಟ್ಟು ಮೆಲ್ಲಗೆ ಅದುಮಿ ತೆಗೆಯಿರಿ. ಒಣಗಿದ ಮೇಲೂ ಅಂಟಿದರೆ ಇನ್ನೊಮ್ಮೆ. ಆಮೇಲೆ ಒಳಮೈ ಮೇಲೆ ಒಂದು ಹನಿ ನೀರು ಬಿಡಿ. ಮುತ್ತಿನಂತೆ ನಿಂತರೆ ಲ್ಯಾನೊಲಿನ್ ಸಾಕಷ್ಟಿದೆ. ಕೂಡಲೇ ಇಂಗಿದರೆ ಮಾತ್ರ ಹಾಕಿ.

ಪ್ರಶ್ನೆ: ಲ್ಯಾನೊಲಿನ್ ಹಾಕಿದಾಗಲೆಲ್ಲ ಕವರ್ ಮೇಲೆ ಮೇಣದಂಥ ಬಿಳಿ ಚುಕ್ಕೆಗಳು ಉಳಿಯುತ್ತವೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ಕರಗಿದೆ, ನೀರಿನೊಂದಿಗೆ ಬೆರೆತಿಲ್ಲ. ಎರಡೂ ಬೇರೆ ಬೇರೆ. ಲ್ಯಾನೊಲಿನ್ ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಆದರೆ ಸಾಬೂನಿನ ಆಸರೆ ಇಲ್ಲದಿದ್ದರೆ ಎಣ್ಣೆಯಂತೆ ಮೇಲೆ ತೇಲಿ, ನೀರು ತಣ್ಣಗಾದೊಡನೆ ಬಟ್ಟೆಗೆ ಕಚ್ಚಿಕೊಳ್ಳುತ್ತದೆ.

ಒಂದು ಕವರಿಗೆ ಅರ್ಧ ಚಮಚ ಲ್ಯಾನೊಲಿನ್ ಸಾಕು. ಹೊಚ್ಚಹೊಸದಾದರೆ ಒಂದು ಚಮಚ. ಮುಚ್ಚಳವಿರುವ ಗಾಜಿನ ಶೀಶೆಯಲ್ಲಿ ಒಂದು ಲೋಟ ಕುದಿಬಿಸಿ ನೀರು, ಲ್ಯಾನೊಲಿನ್, ಅದರ ಅರ್ಧದಷ್ಟು ಮಗುವಿನ ಶಾಂಪೂ ಅಥವಾ ಉಣ್ಣೆ ತೊಳೆಯುವ ದ್ರವ ಹಾಕಿ ಕಲಕಿ. ಬಿಸಿ ಕೊಂಚ ಆರಿದ ಮೇಲೆ ಮುಚ್ಚಳ ಹಾಕಿ ಕುಲುಕಿ. ಕುದಿಬಿಸಿಯಲ್ಲೇ ಮುಚ್ಚಿ ಕುಲುಕಿದರೆ ಆವಿಗೆ ಮುಚ್ಚಳ ಸಿಡಿದೀತು. ನೀರು ಹಾಲಿನಂತೆ ಬೆಳ್ಳಗಾಗಬೇಕು. ಮೇಲೆ ಚಿನ್ನದ ಬಣ್ಣದ ಒಂದೇ ಒಂದು ಜಿಡ್ಡಿನ ಬಿಂದು ತೇಲುತ್ತಿದ್ದರೂ ಇನ್ನಷ್ಟು ಶಾಂಪೂ ಸೇರಿಸಿ ಮತ್ತೆ ಕುಲುಕಿ. ಈ ಹಾಲನ್ನು ಟಬ್ಬಿನ ನೀರಿಗೆ ಸುರಿದು, ಇಡೀ ನೀರು ಉಗುರುಬೆಚ್ಚಗಾದ ಮೇಲೆಯೇ ಕವರ್ ಹಾಕಿ. ಕವರ್ ಮೊದಲೇ ತೊಳೆದು ಒದ್ದೆಯಾಗಿರಲಿ, ಒಳಮೈ ಹೊರಗೆ ಬರುವಂತೆ ಮಗುಚಿರಲಿ. ರಾತ್ರಿಯಿಡೀ ನೆನೆಯಲಿ. ಬೆಳಿಗ್ಗೆ ಜಾಲಿಸಬೇಡಿ, ಅದುಮಿ ತೆಗೆದು ಒಣಗಿಸಿ. ಹೊಸ ಕವರಿಗೆ ಇದನ್ನೇ ಎರಡು ಮೂರು ಸಲ ಮಾಡಬೇಕಾಗಬಹುದು.

ಈಗಾಗಲೇ ಚುಕ್ಕೆ ಬಿದ್ದ ಕವರಿಗೆ ಹೊಸ ಲ್ಯಾನೊಲಿನ್ ಬೇಡ. ಶಾಂಪೂ ಬೆರೆಸಿದ ಬೆಚ್ಚನೆ ನೀರಲ್ಲಿ ನೆನೆಸಿ, ಚುಕ್ಕೆಯ ಮೇಲೆ ಬೆರಳ ತುದಿಯಿಂದ ಮೆಲ್ಲಗೆ ಒತ್ತುತ್ತಾ ಬಂದರೆ ಹರಡಿಕೊಳ್ಳುತ್ತದೆ.

ಪ್ರಶ್ನೆ: ಉಣ್ಣೆ ಕವರನ್ನು ವಾರಗಟ್ಟಲೆ ತೊಳೆಯದೆ ಬಳಸಬಹುದು ಎನ್ನುತ್ತಾರೆ. ಅಸಹ್ಯವಲ್ಲವೇ?

ಉತ್ತರ: ಮೂತ್ರದ ತೇವ ಮಾತ್ರ ತಾಗಿದ್ದರೆ ಎರಡರಿಂದ ನಾಲ್ಕು ವಾರ ತೊಳೆಯದೆ ನಡೆಯುತ್ತದೆ. ಷರತ್ತು ಒಂದೇ, ಪ್ರತಿ ಸಲ ಬಿಚ್ಚಿದ ಮೇಲೆ ಗಾಳಿಗೆ ಹರಡಿ ಪೂರ್ತಿ ಒಣಗಿಸಬೇಕು. ಹಾಗಾಗಿ ಹಗಲಿಗೆ ಎರಡು ಮೂರು, ರಾತ್ರಿಗೆ ದಪ್ಪನೆಯ ಒಂದೆರಡು ಕವರ್ ಸರದಿಯಲ್ಲಿರಲಿ. ಒದ್ದೆಯಿದ್ದಾಗ ವಾಸನೆ ಬಂದರೆ ಲೆಕ್ಕಕ್ಕಿಲ್ಲ. ಒಣಗಿದ ಮೇಲೆ ಮೂಗಿಗೆ ಹಿಡಿದು ನೋಡಿ, ಆಗಲೂ ಬಂದರೆ ತೊಳೆಯಿರಿ. ತೊಳೆದ ಎರಡೇ ದಿನಕ್ಕೆ ಅಮೋನಿಯಾ ಘಾಟು ಹೊಡೆದರೆ ಅನುಮಾನ ಪಡಬೇಕಾದದ್ದು ಒಳಗಿನ ಹತ್ತಿ ಬಟ್ಟೆಯ ತೊಳೆತವನ್ನು. ಮಲ ತಾಗಿದರೆ ಮಾತ್ರ ಕಾಯುವಂತಿಲ್ಲ, ಆ ಜಾಗವನ್ನು ಆಗಲೇ ತಣ್ಣೀರು ಮತ್ತು ಮೃದು ಸಾಬೂನಿನಿಂದ ತೊಳೆದುಬಿಡಿ.

ಬಟ್ಟೆ ತೊಳೆಯುವ ಪುಡಿ, ಸೋಡ, ಬ್ಲೀಚ್ ಯಾವುದೂ ಬೇಡ. ಉಣ್ಣೆ ಎಂದರೆ ಕೂದಲು, ಪ್ರೋಟೀನು. ಕ್ಲೋರಿನ್ ಬ್ಲೀಚ್ ಅದನ್ನು ಕರಗಿಸಿಯೇ ಬಿಡುತ್ತದೆ. ಕಲೆ ತೆಗೆಯುವ ಪುಡಿಗಳಲ್ಲಿ ಪ್ರೋಟೀನ್ ಕರಗಿಸುವ ಕಿಣ್ವ ಇರುತ್ತದೆ, ಅದಕ್ಕೆ ಕಲೆ ಯಾವುದು ಉಣ್ಣೆ ಯಾವುದು ಎಂಬ ಭೇದವಿಲ್ಲ. ತೊಳೆದ ಮೇಲೆ ತಿರುಚಿ ಹಿಂಡಬೇಡಿ. ಒಣ ಟವೆಲ್ಲಿನಲ್ಲಿ ಸುರುಳಿ ಸುತ್ತಿ, ಮೇಲೆ ಒತ್ತಿ ನೀರು ತೆಗೆದು, ನೆರಳಿನಲ್ಲಿ ಚಪ್ಪಟೆಯಾಗಿ ಹರಡಿ. ದಪ್ಪ ಕವರ್ ಒಣಗಲು ಎರಡು ದಿನವೂ ಹಿಡಿಯಬಹುದು.

ಪ್ರಶ್ನೆ: ಕವರ್ ವಾಷಿಂಗ್ ಮಷೀನಿಗೆ ಹೋಗಿ ಅರ್ಧಕ್ಕೆ ಕುಗ್ಗಿದೆ. ಸರಿಯಾಗುತ್ತದೆಯೇ?

ಉತ್ತರ: ಪೂರ್ತಿ ಆಗುವುದಿಲ್ಲ. ಉಣ್ಣೆ ಎಳೆಯ ಮೈತುಂಬ ಸಣ್ಣ ಹುರುಪೆಗಳಿವೆ. ಬಿಸಿನೀರು, ಸಾಬೂನು, ತಿಕ್ಕಾಟ ಸೇರಿದರೆ ಅವು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಕಂಬಳಿಯಂತೆ ಗಟ್ಟಿಯಾಗುತ್ತವೆ. ಸ್ವಲ್ಪ ಕುಗ್ಗಿದ್ದರೆ ಕೂದಲಿನ ಕಂಡಿಷನರ್ ಬೆರೆಸಿದ ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸಿ, ಮೆಲ್ಲಗೆ ಜಗ್ಗಿ ಒಣಗಿಸಿದರೆ ತುಸು ಸಡಿಲವಾಗುತ್ತದೆ. ಮತ್ತೆ ಲ್ಯಾನೊಲಿನ್ ಹಾಕಬೇಕು. ನಿಮ್ಮದು ಇನ್ನೂ ಚಿಕ್ಕ ಮಗುವಿಗೆ ಕೊಡಲು ತಕ್ಕದ್ದು. ಗಟ್ಟಿಯಾದ ಉಣ್ಣೆ ರಾತ್ರಿಗೆ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಪ್ರಶ್ನೆ: ಮನೆಯಲ್ಲಿರುವ ನೂಲಿನಿಂದ ಕವರ್ ಹೆಣೆಯಬಹುದೇ? ಅದು ಉಣ್ಣೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಒಂದು ತುಂಡು ಎಳೆಯನ್ನು ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಬೆಂಕಿಗೆ ಸೋಕಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆಂಕಿ ತೆಗೆದೊಡನೆ ತಾನೇ ಆರಿ, ಬೆರಳಲ್ಲಿ ಪುಡಿಯಾಗುವ ಕರಿ ಬೂದಿ ಉಳಿಯುತ್ತದೆ. ಅಕ್ರಿಲಿಕ್ ಉರಿಯುತ್ತಾ ಕರಗಿ, ಗಟ್ಟಿ ಮಣಿಯಾಗುತ್ತದೆ. ಅದು ಕವರಿಗೆ ಬಾರದು. ಮಷೀನಿನಲ್ಲಿ ತೊಳೆಯಬಹುದು ಎಂದು ಬರೆದ ಉಣ್ಣೆಯನ್ನೂ ಬಿಡಿ. ಅದರ ಹುರುಪೆಗಳನ್ನು ಸವೆಸಿ ಮೇಲೆ ರಾಳ ಲೇಪಿಸಿರುತ್ತಾರೆ, ಲ್ಯಾನೊಲಿನ್ ಸರಿಯಾಗಿ ಹಿಡಿಯುವುದಿಲ್ಲ.

ಪ್ರಶ್ನೆ: ಎರಡನೇ ಮಗುವಿಗೆಂದು ಎತ್ತಿಡುವಾಗ ನುಸಿಗುಳಿಗೆ ಹಾಕಬಹುದೇ?

ಉತ್ತರ: ಖಂಡಿತ ಬೇಡ. ನ್ಯಾಫ್ತಲೀನ್ ಗುಳಿಗೆಯ ಜೊತೆ ಇಟ್ಟ ಬಟ್ಟೆ ತೊಡಿಸಿದರೆ, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಕೆಂಪು ರಕ್ತಕಣಗಳು ಒಡೆದು ತೀವ್ರ ಕಾಮಾಲೆಯಾಗಬಹುದು. ಕೊರತೆ ಇದೆಯೆಂದು ಎಷ್ಟೋ ಸಲ ಮೊದಲೇ ಗೊತ್ತಿರುವುದಿಲ್ಲ. ನುಸಿಯ ಮರಿಹುಳುಗಳಿಗೆ ಬೆವರು, ಮೂತ್ರದ ಕಲೆ ಇರುವ ಉಣ್ಣೆ ಬಲು ಇಷ್ಟ. ಆದ್ದರಿಂದ ತೊಳೆದು, ಪೂರ್ತಿ ಒಣಗಿಸಿ, ಗಾಳಿಯಾಡದ ಚೀಲದಲ್ಲಿ ಕಟ್ಟಿಡಿ. ಮೊಟ್ಟೆ ಇರಬಹುದೆಂಬ ಅನುಮಾನವಿದ್ದರೆ ಅದೇ ಚೀಲವನ್ನು ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಒಂದು ವಾರ ಇಡಿ. ಹೊರತೆಗೆದ ಮೇಲೆ ಚೀಲ ಕೋಣೆಯ ಬಿಸಿಗೆ ಬರುವವರೆಗೂ ಬಿಚ್ಚಬೇಡಿ, ಇಲ್ಲವಾದರೆ ತಣ್ಣನೆಯ ಉಣ್ಣೆಯ ಮೇಲೆ ತೇವ ಕೂರುತ್ತದೆ.