ಬಯೋ ಟಾಯ್ಲೆಟ್ ಬಂದರೂ ವಾಸನೆ ಏಕೆ?

ಪ್ರಶ್ನೆ: ರೈಲಿನ ಬಯೋ ಟಾಯ್ಲೆಟ್ ನಮ್ಮ ವಿಜ್ಞಾನಿಗಳದೇ ಕೆಲಸ ಎಂದು ಓದಿ ಖುಷಿಪಟ್ಟಿದ್ದೆ. ಮೊನ್ನೆ ರಾತ್ರಿ ಪ್ರಯಾಣದಲ್ಲಿ ಅದು ಕಟ್ಟಿಕೊಂಡು ಒಳಗೆ ಕಾಲಿಡುವ ಹಾಗಿರಲಿಲ್ಲ. ಸಂಶೋಧನೆಯಲ್ಲೇ ಏನಾದರೂ ತಪ್ಪಿದೆಯೇ?
– ಓದುಗರೊಬ್ಬರು, ಹಾಸನ

ಉತ್ತರ: ಸಂಶೋಧನೆ ಗಟ್ಟಿಯಾಗಿದೆ. ಅದು ಬೋಗಿಗೆ ಬಂದ ಮೇಲೆ ತಾಪತ್ರಯ ಶುರು. ಬೋಗಿಗಳನ್ನು ನೋಡಿಕೊಳ್ಳುವ ರೈಲ್ವೆಯ ಕ್ಯಾರೇಜ್ ಅಂಡ್ ವ್ಯಾಗನ್ ವಿಭಾಗದಲ್ಲಿ ದುಡಿದು ನಿವೃತ್ತನಾದವನು ನಾನು. ಬೋಗಿಯ ಅಡಿಗೆ ಇಳಿದು ರಿಪೇರಿ ಮಾಡುವ ಡಿಪೋದ ಪಿಟ್ ಲೈನಿನಲ್ಲಿ ನಿಂತು ಕಂಡದ್ದನ್ನೇ ಹೇಳುತ್ತೇನೆ.

ಮೊದಲೆಲ್ಲ ಹೊಲಸು ನೇರ ಹಳಿಯ ಮೇಲೆ ಬೀಳುತ್ತಿತ್ತು. ಹಳಿಯ ಬುಡ, ಕ್ಲಿಪ್ಪು ಎಲ್ಲ ತುಕ್ಕು ಹಿಡಿಯುತ್ತಿದ್ದವು. ಗ್ಯಾಂಗ್‌ಮನ್‌ಗಳು ಅದರಲ್ಲೇ ಕೂತು ಕೆಲಸ ಮಾಡಬೇಕಿತ್ತು. ಗ್ವಾಲಿಯರ್‌ನ ಡಿಆರ್‌ಡಿಒ (ರಕ್ಷಣಾ ಸಂಶೋಧನಾ ಸಂಸ್ಥೆ) ಪ್ರಯೋಗಾಲಯದವರು ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾ ಬಳಸಿ ದಾರಿ ತೋರಿಸಿದರು. ಬೋಗಿಯ ಅಡಿಯ ಟ್ಯಾಂಕಿನಲ್ಲಿ ಅವು ಹೊಲಸನ್ನು ನೀರು ಮತ್ತು ಗ್ಯಾಸ್ ಮಾಡುತ್ತವೆ. ಆ ನೀರು ಕ್ಲೋರಿನ್ ದಾಟಿ ಹೊರಗೆ ಹೋಗುತ್ತದೆ. 2011ರ ಜನವರಿಯಲ್ಲಿ ಗ್ವಾಲಿಯರ್–ವಾರಾಣಸಿ ಬುಂದೇಲ್‌ಖಂಡ್ ಎಕ್ಸ್‌ಪ್ರೆಸ್‌ನಲ್ಲಿ ಶುರುವಾಗಿ, ಈಗ 2.5 ಲಕ್ಷಕ್ಕೂ ಜಾಸ್ತಿ ಟಾಯ್ಲೆಟ್‌ಗಳಿವೆ.

ಆದರೆ ಬ್ಯಾಕ್ಟೀರಿಯಾ ಪ್ಲಾಸ್ಟಿಕ್ ತಿನ್ನುವುದಿಲ್ಲ ಅಲ್ವಾ? ನಮ್ಮ ಜನ ನೀರಿನ ಬಾಟಲಿ, ಗುಟ್ಕಾ ಚೀಟಿ, ಪ್ಯಾಡು, ಮಗುವಿನ ಡೈಪರ್ ಎಲ್ಲ ಅದರೊಳಗೇ ಹಾಕುತ್ತಾರೆ. ವಾಸನೆ ಮೇಲೆ ಬರದಿರಲಿ ಎಂದು ಕೊಳವೆಗೆ ಒಂದು ಬಾಗು ಇಟ್ಟಿದ್ದಾರೆ, ಅದರಲ್ಲಿ ಸದಾ ನೀರು ನಿಂತಿರುತ್ತದೆ. ಪ್ಯಾಡು ಸಿಕ್ಕಿಕೊಳ್ಳುವುದೂ ಆ ಬಾಗಿನಲ್ಲೇ. ಆಮೇಲೆ ಡಿಪೋದ ಒಬ್ಬ ಹುಡುಗ ಕೈಗವಸು ಹಾಕಿಕೊಂಡು ಕಂಬಿ ತೂರಿಸಿ ಎಳೆಯಬೇಕು. ಅವನ ಮುಂದೆ ಇಡೀ ರೇಕ್, ಅಂದರೆ ಗಾಡಿಯ ಎಲ್ಲ ಬೋಗಿಗಳ ಸಾಲು ಇರುತ್ತದೆ, ಗಾಡಿ ಹೊರಡುವ ಹೊತ್ತೂ ಹತ್ತಿರವಾಗಿರುತ್ತದೆ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ 2016-17ರಲ್ಲಿ ಸುಮಾರು 25,000 ಬಯೋ ಟಾಯ್ಲೆಟ್‌ ಪರಿಶೀಲಿಸಿದಾಗ ಆ ಒಂದು ವರ್ಷದಲ್ಲೇ ಹತ್ತಿರ ಹತ್ತಿರ 2 ಲಕ್ಷ ದೋಷ ಸಿಕ್ಕವು. ಅರ್ಧಕ್ಕರ್ಧ ಕಟ್ಟಿಕೊಂಡದ್ದೇ.

ನನ್ನ ಪ್ರಕಾರ ಟಾಯ್ಲೆಟ್‌ನೊಳಗಿನ ಡಸ್ಟ್‌ಬಿನ್ ಬ್ಯಾಕ್ಟೀರಿಯಾದಷ್ಟೇ ಮುಖ್ಯ. ಅದನ್ನು ಮೊದಲ ದಿನದಿಂದಲೇ ವಿನ್ಯಾಸದ ಭಾಗವಾಗಿ ನೋಡಬೇಕಿತ್ತು. ಇಟ್ಟರೆ ಸಾಲದು, ದಾರಿಯಲ್ಲಿ ಖಾಲಿ ಮಾಡುವವರೂ ಬೇಕು. ಕ್ಲೋರಿನ್ ಹಾಕುವುದೂ ಹೀಗೆಯೇ, ಮರೆತರೆ ಯಾರಿಗೂ ಕಾಣುವುದಿಲ್ಲ.

ಇನ್ನೊಂದು ಮಾತು. ಒಂದು ಡಿಪೋದ ಹುಡುಗರು ಕಟ್ಟಿದ್ದನ್ನು ಬೇಗ ಬಿಡಿಸುವ ಉಪಾಯ ಕಂಡುಕೊಂಡರೆ ಅದು ಅಲ್ಲೇ ಉಳಿದುಬಿಡುತ್ತದೆ. ರೈಲ್ವೆಯ ವಿನ್ಯಾಸ, ಸಂಶೋಧನೆ ನೋಡಿಕೊಳ್ಳುವ ಲಖನೌದ ಆರ್‌ಡಿಎಸ್‌ಒ ಎಂಜಿನಿಯರ್‌ಗಳು ಡ್ರಾಯಿಂಗ್ ತಿದ್ದುವ ಮುಂಚೆ ಒಂದು ರಾತ್ರಿ ಪಿಟ್ ಲೈನಿಗೆ ಇಳಿಯಲಿ, ಆ ಹುಡುಗರ ಮಾತು ಕೇಳಲಿ. ಬೇರೆ ಬೇರೆ ಡಿಪೋಗಳಿಗೆ ಆ ಉಪಾಯ ತಲುಪಿಸುವುದೂ ಸಂಶೋಧನೆಯದೇ ಕೆಲಸ ಎಂದು ನಾನು ನಂಬಿದ್ದೇನೆ.

ನಿಮಗೆ ಮತ್ತೆ ಹೀಗಾದರೆ ಸುಮ್ನೆ ಸಹಿಸಿಕೊಳ್ಳಬೇಡಿ. 139ಕ್ಕೆ ಫೋನ್ ಮಾಡಿ, ಇಲ್ಲವೇ ರೈಲ್ ಮದದ್ ಆ್ಯಪ್‌ನಲ್ಲಿ ಪಿಎನ್‌ಆರ್ ಕೊಟ್ಟು ದೂರು ಹಾಕಿ. ಬೋಗಿಯ ಹೊರಗೆ ಬರೆದಿರುವ ಐದಾರು ಅಂಕಿಯ ನಂಬರನ್ನೂ ಸೇರಿಸಿ. ಗಾಡಿ ಡಿಪೋಗೆ ಬಂದಾಗ ಯಾವ ಬೋಗಿ ಎಂದು ಹುಡುಕಲು ಅದೇ ಬೇಕು.