ಯುಎಸ್‌ಬಿ ಸಾಧನ ತೆಗೆದ ನಂತರದ ಕರ್ನಲ್ ಕುಸಿತ

ನಿಮ್ಮ ಡ್ರೈವರ್ (ಸಾಧನವನ್ನು ನಡೆಸುವ ಕೋಡ್) ಒಮ್ಮೆ ಬಿಡುಗಡೆ ಮಾಡಿದ ಮೆಮೊರಿಯನ್ನೇ ಮತ್ತೆ ಬಳಸುತ್ತಿರುವುದು ಬಹುಶಃ ಈ ಕುಸಿತಕ್ಕೆ ಕಾರಣ. ಸಾಧನವನ್ನು ತೆಗೆದ ಮೇಲೆ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಪ್ರತಿ ಸಲವೂ ಬೇರೆ ಕಡೆ ಕುಸಿಯುತ್ತದೆ, ಪ್ರೊಸೆಸರಿನ ರಿಜಿಸ್ಟರ್‌ನಲ್ಲಿ 6ಬಿ6ಬಿ6ಬಿ6ಬಿ ಕಾಣುತ್ತದೆ ಎಂದಿದ್ದೀರಿ. ಡೀಬಗ್ ಸ್ಥಿತಿಯಲ್ಲಿ ಕರ್ನಲಿನ ಮೆಮೊರಿ ಹಂಚುವ ಸ್ಲಬ್ ಅಲೊಕೇಟರ್ ಬಿಡುಗಡೆಯಾದ ಜಾಗವನ್ನು ತುಂಬುವುದು 6ಬಿ ಎಂಬ ಇದೇ ಬೈಟಿನಿಂದ.

ಮೊದಲು ಮೆಮೊರಿ ತಪ್ಪುಗಳನ್ನು ಹಿಡಿಯುವ ಕೇಸ್ಯಾನ್ (KASAN) ಸೇರಿಸಿ ಕರ್ನಲನ್ನು ಮತ್ತೆ ಬಿಲ್ಡ್ ಮಾಡಿ, ದೋಷವನ್ನು ಮರುಕಳಿಸುವಂತೆ ಮಾಡಿ. ಬರುವ ವರದಿಗಳಲ್ಲಿ ಮೊದಲನೆಯದನ್ನು ಮಾತ್ರ ನಂಬಿ, ಏಕೆಂದರೆ ಮುಂದಿನವು ಆಗಲೇ ಕೆಟ್ಟುಹೋದ ಸ್ಥಿತಿಯಿಂದ ಹುಟ್ಟಿದವಾಗಿರಬಹುದು. ಮೆಮೊರಿಯನ್ನು ಪಡೆದದ್ದು, ಬಿಟ್ಟದ್ದು, ಬಿಟ್ಟ ಮೇಲೆ ಮುಟ್ಟಿದ್ದು ಎಲ್ಲಿ ಎಂಬ ಮೂರೂ ಸ್ಟ್ಯಾಕ್‌ಗಳು (ಫಂಕ್ಷನ್ ಕರೆಗಳ ಸರಣಿಗಳು) ಅದರಲ್ಲಿಯೇ ಇರುತ್ತವೆ.

ನಂತರ ಡಿಸ್‌ಕನೆಕ್ಟ್ ಫಂಕ್ಷನ್ (ಸಾಧನ ತೆಗೆದಾಗ ಓಡುವುದು) ನೋಡಿ. ಟೈಮರ್, ವರ್ಕ್‌ಕ್ಯೂ ಕೆಲಸ (ನಂತರ ಮಾಡಲು ಸಾಲಿನಲ್ಲಿಟ್ಟದ್ದು), ಬಾಕಿ ಯುಆರ್‌ಬಿ (ಯುಎಸ್‌ಬಿ ದತ್ತಾಂಶ ಕೋರಿಕೆ) ಇವೆಲ್ಲವೂ ಪೂರ್ತಿ ನಿಂತ ಮೇಲೆಯೇ ಮೆಮೊರಿ ಬಿಡುವ ಕೆಫ್ರೀ ಕರೆಯಾಗಬೇಕು. ರದ್ದು ಮಾಡಿದರೆ ಸಾಲದು, ಓಡುತ್ತಿರುವುದು ಮುಗಿಯುವವರೆಗೆ ಕಾಯುವ ಸಿಂಕ್ ರೂಪವನ್ನೇ ಬಳಸಿ.

ಕೇಸ್ಯಾನ್ ಏನೂ ಹೇಳದಿದ್ದರೆ, ಡಿಎಂಎ (ಪ್ರೊಸೆಸರ್ ನೆರವಿಲ್ಲದೆ ನೇರ ಮೆಮೊರಿ ಪ್ರವೇಶ) ಮೂಲಕ ಹಾರ್ಡ್‌ವೇರ್ ಬರೆಯುತ್ತಿರುವ ಸಾಧ್ಯತೆಯಿದೆ. ಆಗ ಸಾಧನಗಳ ಮೆಮೊರಿ ಪ್ರವೇಶವನ್ನು ನಿಯಂತ್ರಿಸುವ ಐಒಎಂಎಂಯು ಅನ್ನು ಸ್ಟ್ರಿಕ್ಟ್ ಸ್ಥಿತಿಯಲ್ಲಿಟ್ಟು ಪುನಃ ಪರೀಕ್ಷಿಸಿ.